ಉತ್ಕರ್ಷಣವೋ, ಅಪಕರ್ಷಣವೋ? ಅಂತರ್ಜಾಲ ಕರೆಗೆ ಹೆಡ್‌ಸೆಟ್ ಆರಿಸುವ ಬಗೆ

ಕಳೆದ ಮಳೆಗಾಲದಲ್ಲಿ ನನ್ನ ಬೋಧನಾಭ್ಯಾಸ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ನಡೆಯಿತು. ಎರಡನೆಯ ವಾರದಲ್ಲೇ ಮಳೆ ಜೋರಾಗಿ ಶಾಲೆಗಳಿಗೆ ರಜೆ ಕೊಟ್ಟರು. ಹತ್ತನೆಯ ತರಗತಿಯ ಪಾಠ ನಿಲ್ಲಬಾರದೆಂದು ಮುಖ್ಯಶಿಕ್ಷಕರ ಒಪ್ಪಿಗೆ ಪಡೆದು, ಸಂಜೆ ಅಂತರ್ಜಾಲದ ಕರೆಯಲ್ಲಿ ‘ರಾಸಾಯನಿಕ ಕ್ರಿಯೆಗಳು’ ಘಟಕವನ್ನು ಮುಂದುವರಿಸಿದೆ. ಲ್ಯಾಪ್‌ಟಾಪ್ ಇತ್ತು, ಪಾಠ ಯೋಜನೆ ಸಿದ್ಧವಿತ್ತು, ಕಿವಿಯಲ್ಲಿ ಹಾಡು ಕೇಳಲು ಕೊಂಡಿದ್ದ ಪುಟ್ಟ ಬ್ಲೂಟೂತ್ ಇಯರ್‌ಬಡ್ ಇತ್ತು. ಇನ್ನೇನು ಬೇಕು ಎಂದುಕೊಂಡಿದ್ದೆ.

ರಜೆ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್ ತಿದ್ದಲು ಕೂತಾಗ ಗಾಬರಿಯಾಯಿತು. ತಾಮ್ರದ ಆಕ್ಸೈಡ್ ಹೈಡ್ರೋಜನ್ ಜೊತೆ ವರ್ತಿಸಿದಾಗ ತಾಮ್ರದ ಆಕ್ಸೈಡ್ ಅಪಕರ್ಷಣಗೊಳ್ಳುತ್ತದೆ, ಹೈಡ್ರೋಜನ್ ಉತ್ಕರ್ಷಣಗೊಳ್ಳುತ್ತದೆ. ಹಲವು ಮಕ್ಕಳು ಇದನ್ನು ತಿರುವುಮುರುವಾಗಿ ಬರೆದಿದ್ದರು. ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: “ಮಿಸ್, ನಮಗೆ ‘ಕರ್ಷಣ’ ಅಂತ ಮಾತ್ರ ಕೇಳಿಸ್ತಿತ್ತು. ಮೊದಲನೇದು ಯಾವುದು ಅಂತ ನಾವೇ ಊಹೆ ಮಾಡಿದ್ವಿ.” ಪಾಠದ ನಡುವೆ ಅವಳು “ಸರಿಯಾಗಿ ಕೇಳಿಸ್ತಿಲ್ಲ” ಎಂದದ್ದು ನೆನಪಾಯಿತು. ನಾನು “ನೆಟ್‌ವರ್ಕ್ ಸಮಸ್ಯೆ” ಎಂದು ಹೇಳಿ ಮುಂದೆ ಹೋಗಿದ್ದೆ.

ಅದು ನಿಜಕ್ಕೂ ನೆಟ್‌ವರ್ಕ್ ಸಮಸ್ಯೆಯೇ ಎಂದು ತಿಳಿಯಲು ರೂಮಿನ ಗೆಳತಿಗೆ ಕರೆ ಮಾಡಿ, ಅವಳ ಕಡೆ ಕೇಳಿಸಿದ್ದನ್ನು ರೆಕಾರ್ಡ್ ಮಾಡಿಸಿದೆ. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದನ್ನು ಅಡಗಿಸಲು ಹೋಗಿ, ಗದ್ದಲ ತಗ್ಗಿಸುವ ವ್ಯವಸ್ಥೆ ನನ್ನ ಮಾತಿನ ಮೊದಲ ಅಕ್ಷರವನ್ನೂ ನುಂಗುತ್ತಿತ್ತು. ತಂತಿಯ ಹೆಡ್‌ಸೆಟ್ ಎರವಲು ತಂದು ಅದೇ ಜಾಗದಲ್ಲಿ, ಅದೇ ಮಳೆಯಲ್ಲಿ ಮತ್ತೆ ಮಾತಾಡಿದಾಗ ‘ಉತ್’, ‘ಅಪ’ ಎರಡೂ ಸ್ಪಷ್ಟವಾಗಿ ಕೇಳಿಸಿದವು. ಆಮೇಲೆ ನಾನು ಓದಿ, ಪರೀಕ್ಷಿಸಿ ಕಲಿತದ್ದನ್ನು ನನ್ನ ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ನೋಡಬೇಕಾದದ್ದು ಮೈಕ್

ಅಂಗಡಿಯಲ್ಲಿ ನಾವು ಹೆಡ್‌ಸೆಟ್ ಕಿವಿಗಿಟ್ಟು ಹಾಡು ಕೇಳಿ ಕೊಳ್ಳುತ್ತೇವೆ. ಆದರೆ ಪಾಠ ಮಾಡುವವರಿಗೆ ತಮಗೆ ಏನು ಕೇಳುತ್ತದೆ ಎನ್ನುವುದಕ್ಕಿಂತ ಮಕ್ಕಳಿಗೆ ಏನು ಕೇಳುತ್ತದೆ ಎನ್ನುವುದು ಮುಖ್ಯ. ಅದನ್ನು ನಿರ್ಧರಿಸುವುದು ಮೈಕ್, ಅದರಲ್ಲೂ ಮೈಕ್ ಬಾಯಿಂದ ಎಷ್ಟು ದೂರದಲ್ಲಿದೆ ಎಂಬುದು. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಲ್ಯಾಪ್‌ಟಾಪಿನ ಮೈಕ್ 50 ಸೆಂ.ಮೀ. ದೂರದಲ್ಲಿದ್ದು, ಹೆಡ್‌ಸೆಟ್ಟಿನ ಮೈಕ್ 5 ಸೆಂ.ಮೀ. ದೂರದಲ್ಲಿದ್ದರೆ ವ್ಯತ್ಯಾಸ ಸುಮಾರು 20 ಡೆಸಿಬಲ್. ಮಳೆಯ ಸದ್ದು, ಫ್ಯಾನಿನ ಸದ್ದು ಎರಡೂ ಮೈಕಿಗೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಬೀಳುತ್ತದೆ. ಮೇಲೇಳುವುದು ನಮ್ಮ ದನಿ ಮಾತ್ರ. ಹಾಗಾಗಿ ಕೆನ್ನೆಯ ಪಕ್ಕ ಬಾಯಿಯವರೆಗೆ ಚಾಚುವ ಕಡ್ಡಿಯ ತುದಿಯಲ್ಲಿ ಮೈಕ್ ಇರುವ ಹೆಡ್‌ಸೆಟ್ ಉತ್ತಮ. ನನ್ನ ಇಯರ್‌ಬಡ್ಡಿನ ಮೈಕ್ ಕಿವಿಯ ಹತ್ತಿರವೇ ಉಳಿದಿತ್ತು.

ಮೈಕನ್ನು ಬಾಯಿಯ ನೇರಕ್ಕೆ ಇಡಬಾರದು. ‘ಖ, ಘ, ಥ, ಧ, ಫ, ಭ’ಗಳಂಥ ಮಹಾಪ್ರಾಣಗಳನ್ನು ಉಚ್ಚರಿಸುವಾಗ ಉಸಿರು ಹೊರನುಗ್ಗುತ್ತದೆ. ಅದು ನೇರವಾಗಿ ಮೈಕಿಗೆ ತಾಗಿದರೆ ಕೇಳುವವರಿಗೆ ‘ಬುಸ್’ ಎನ್ನುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಫಲ’ ಎಂದು ನೋಡಿ. ಗಾಳಿ ತಾಗುವ ದಾರಿ ಬಿಟ್ಟು, ತುಟಿಯ ಅಂಚಿನ ಪಕ್ಕಕ್ಕೆ ಎರಡು ಬೆರಳಷ್ಟು ದೂರದಲ್ಲಿ ಮೈಕ್ ಇರಲಿ. ಮೈಕಿಗೆ ಸ್ಪಂಜಿನ ಟೊಪ್ಪಿ ಇದ್ದರೆ ಇನ್ನೂ ಒಳ್ಳೆಯದು.

ಡಬ್ಬಿಯ ಮೇಲೆ ‘ನಾಯ್ಸ್ ಕ್ಯಾನ್ಸಲಿಂಗ್’ ಎಂದಿದ್ದರೆ ಯಾರಿಗೆ ಎಂದು ಕೇಳಿ. ಕೆಲವು ಹೆಡ್‌ಸೆಟ್‌ಗಳಲ್ಲಿ ಅದು ಹಾಕಿಕೊಂಡವರ ಕಿವಿಗೆ ಬೀಳುವ ಸದ್ದನ್ನು ಮಾತ್ರ ತಗ್ಗಿಸುತ್ತದೆ. ಆಚೆ ಬದಿಯವರಿಗೆ ಅದರಿಂದ ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ಮೈಕಿಗೆ ಬೀಳುವ ಗದ್ದಲವನ್ನು ತಗ್ಗಿಸುವಂಥದ್ದು, ಇಲ್ಲವೇ ಬಾಯಿಯ ಕಡೆಯ ದನಿಯನ್ನೇ ಹೆಚ್ಚು ಗ್ರಹಿಸುವ ಮೈಕ್.

ಜೋಡಿಸುವ ಮೂರು ಬಗೆ

3.5 ಮಿ.ಮೀ. ಪಿನ್: ಇದು ಅಗ್ಗ. ಆದರೆ ಪಿನ್ ನೋಡಿ ಕೊಳ್ಳಬೇಕು. ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿದ್ದರೆ ನಾಲ್ಕು ಸಂಪರ್ಕಗಳಿವೆ: ಎಡಗಿವಿ, ಬಲಗಿವಿ, ಭೂಸಂಪರ್ಕ, ಮೈಕ್. ಎರಡೇ ಗೆರೆಗಳಿದ್ದರೆ ಆ ಒಂದು ಪಿನ್ನಿನಲ್ಲಿ ಎರಡೂ ಕಿವಿಯ ಜೊತೆಗೆ ಮೈಕ್ ಇರಲಾರದು. ಹಳೆಯ ಮಾದರಿಯ ಹೆಡ್‌ಸೆಟ್‌ಗಳಿಗೆ ಹಸಿರು (ಕಿವಿಗೆ) ಮತ್ತು ಗುಲಾಬಿ (ಮೈಕಿಗೆ) ಎಂದು ಎರಡು ಪಿನ್ ಇರುತ್ತವೆ. ಲ್ಯಾಪ್‌ಟಾಪಿನಲ್ಲಿ ಒಂದೇ ತೂತಿದ್ದರೆ ಎರಡನ್ನೂ ಕೂಡಿಸುವ ಕವಲು ತಂತಿ ಬೇಕು.

ಯುಎಸ್‌ಬಿ: ಇಲ್ಲಿ ದನಿಯನ್ನು ಅಂಕಿಗಳಾಗಿಸುವ ಕೆಲಸ ಹೆಡ್‌ಸೆಟ್ಟಿನ ಒಳಗೇ ನಡೆಯುತ್ತದೆ. ಹಳೆಯ ಕಂಪ್ಯೂಟರಿನ ಮೈಕ್ ತೂತಿನಿಂದ ಬರುವ ‘ಗುಂಯ್’ ಸದ್ದು ಇದರಲ್ಲಿ ತಪ್ಪುತ್ತದೆ. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಪಾಠ ಮಾಡಬೇಕಾದ ನಮ್ಮಂಥವರಿಗೆ ಇದೇ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಲ್ಯಾಪ್‌ಟಾಪಿನಲ್ಲಿರುವುದು ಚಪ್ಪಟೆ ದೊಡ್ಡ ತೂತೋ, ಸಣ್ಣ ‘ಸಿ’ ಮಾದರಿಯೋ ಎಂದು ಮೊದಲೇ ನೋಡಿಕೊಳ್ಳಿ.

ಬ್ಲೂಟೂತ್: ತಂತಿ ಇಲ್ಲದ್ದು ಹಾಯೆನಿಸುತ್ತದೆ. ಆದರೆ ಸಾಮಾನ್ಯ ಬ್ಲೂಟೂತಿನಲ್ಲಿ ಹಾಡು ಕೇಳುವ ವಿಧಾನ ಬೇರೆ, ಮಾತಾಡುವ ವಿಧಾನ ಬೇರೆ. ಮೈಕ್ ಚಾಲೂ ಆದ ಕೂಡಲೇ ಅದು ಕರೆಯ ವಿಧಾನಕ್ಕೆ ಬದಲಾಗಿ ದನಿಯ ಗುಣಮಟ್ಟ ಇಳಿಯುತ್ತದೆ. ಹಳೆಯ ಸಾಧನಗಳಲ್ಲಿ ಸೆಕೆಂಡಿಗೆ 8,000 ಮಾದರಿಗಳು, ಅನಂತರದವುಗಳಲ್ಲಿ 16,000. ಮಾದರಿಗಳ ಸಂಖ್ಯೆಯ ಅರ್ಧದಷ್ಟು ಆವೃತ್ತಿಯವರೆಗೆ ಮಾತ್ರ ಶಬ್ದವನ್ನು ಹಿಡಿಯಬಹುದು ಎಂಬುದು ನಿಯಮ. ಅಂದರೆ 8,000 ಮಾದರಿಗಳಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ನಷ್ಟ. ‘ಸ’ಕಾರದ ಶಕ್ತಿಯ ಹೆಚ್ಚಿನ ಪಾಲು ಅಲ್ಲೇ ಇರುತ್ತದೆ. ಹಳೆಯ ದೂರವಾಣಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ಒಯ್ಯುತ್ತಿದ್ದುದರಿಂದ ಹೆಸರು ಹೇಳುವಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಹೊಸ ತಲೆಮಾರಿನ ಬ್ಲೂಟೂತ್ ಇದನ್ನು ಸುಧಾರಿಸಿದೆ. ಆದರೆ ಹೆಡ್‌ಸೆಟ್ ಮತ್ತು ಕಂಪ್ಯೂಟರ್ ಎರಡೂ ಹೊಸದಾಗಿರಬೇಕು. ಜೊತೆಗೆ, ಪಾಠದ ನಡುವೆ ಚಾರ್ಜ್ ಮುಗಿಯುವ ಭಯ ಇದ್ದೇ ಇದೆ.

ಕಿವಿ, ತಲೆ ಮತ್ತು ಮಾರ್ದನಿ

ಸ್ಪೀಕರಿನಲ್ಲಿ ಮಕ್ಕಳ ದನಿ ಕೇಳಿಸಿಕೊಂಡರೆ, ಅದೇ ದನಿ ನಮ್ಮ ಮೈಕಿಗೆ ಬಿದ್ದು ಅವರಿಗೆ ಮಾರ್ದನಿಯಾಗಿ ಮರಳುತ್ತದೆ. ಹೆಡ್‌ಸೆಟ್ ಈ ದಾರಿಯನ್ನು ಮುಚ್ಚುತ್ತದೆ. ನೆನಪಿಡಿ, ನಿಮ್ಮ ಮಾತೇ ನಿಮಗೆ ಮರಳಿ ಕೇಳಿಸಿದರೆ ಸಾಮಾನ್ಯವಾಗಿ ತೊಂದರೆ ಇರುವುದು ಆಚೆ ಬದಿಯಲ್ಲಿ. ಆಗ ನಿಮ್ಮ ಹೆಡ್‌ಸೆಟ್ ಬದಲಿಸಿ ಫಲವಿಲ್ಲ. ಮಕ್ಕಳಿಗೆ ಮೈಕ್ ಮುಚ್ಚಲು ಹೇಳಬೇಕು.

ಇಡೀ ಕಿವಿಯನ್ನು ಸುತ್ತುವ ಮೆತ್ತೆ ಹೊರಗಿನ ಸದ್ದನ್ನು ತಡೆಯುತ್ತದೆ, ಆದರೆ ಸೆಕೆಯಾಗುತ್ತದೆ. ಕಿವಿಯ ಮೇಲೆ ಕೂರುವ ಮೆತ್ತೆ ಹಗುರ, ಆದರೆ ಅರ್ಧ ಗಂಟೆಯಲ್ಲಿ ಕನ್ನಡಕದ ಕಡ್ಡಿಯನ್ನು ಒತ್ತಿ ನೋಯಿಸಬಹುದು. ಹತ್ತು ನಿಮಿಷವಾದರೂ ಹಾಕಿಕೊಂಡು ನೋಡಿ. ಜುಮುಕಿ ಹಾಕುವವರು ಪಾಠದ ಹೊತ್ತಿಗೆ ತೆಗೆದಿಡಿ. ಅದು ಹೆಡ್‌ಸೆಟ್ಟಿಗೆ ತಾಗುವ ಸದ್ದು ಮೈಕಿಗೂ ಹೋಗುತ್ತದೆ.

ಮಕ್ಕಳಿಗೆ ಹೆಡ್‌ಸೆಟ್ ಕೊಡುವಾಗ ದನಿಯ ಮಟ್ಟದ ಎಚ್ಚರ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಾರಕ್ಕೆ 40 ಗಂಟೆಗಳ ಲೆಕ್ಕದಲ್ಲಿ ಮಿತಿ ವಯಸ್ಕರಿಗೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್. ನಮ್ಮ ಮೈಕ್ ಚೆನ್ನಾಗಿದ್ದರೆ ಮಕ್ಕಳು ದನಿ ಏರಿಸಬೇಕಾದ ಅಗತ್ಯವೂ ಕಡಿಮೆ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ‘20–20,000 ಹರ್ಟ್ಸ್’ ಸಾಮಾನ್ಯವಾಗಿ ಕಿವಿಯ ಭಾಗದ್ದು. ಮೈಕಿನ ಸಾಲನ್ನು ಹುಡುಕಿ ಓದಿ. ಮಾತಿಗೆ 100ರಿಂದ 8,000 ಹರ್ಟ್ಸ್‌ವರೆಗೆ ಸಿಕ್ಕರೆ ಧಾರಾಳವಾಯಿತು.

ಪಾಠಕ್ಕೆ ಮೊದಲು ಐದು ನಿಮಿಷ

1. ಕರೆಯ ಸೆಟ್ಟಿಂಗ್ಸ್ ತೆರೆದು ಮೈಕ್, ಸ್ಪೀಕರ್ ಎರಡರಲ್ಲೂ ಹೆಡ್‌ಸೆಟ್ಟನ್ನೇ ಆರಿಸಿ. ಹೆಡ್‌ಸೆಟ್ ಸಿಕ್ಕಿಸಿದ್ದರೂ ಲ್ಯಾಪ್‌ಟಾಪಿನ ಮೈಕೇ ಕೆಲಸ ಮಾಡುತ್ತಿರಬಹುದು. ಹೆಡ್‌ಸೆಟ್ಟಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ತೆರೆಯ ಮೇಲಿನ ದನಿಪಟ್ಟಿ ಕುಣಿಯಬೇಕು.

2. ಗೆಳೆಯರೊಬ್ಬರಿಗೆ ಕರೆ ಮಾಡಿ, ಆ ದಿನದ ಪಾಠದ ಹತ್ತು ಪದಗಳನ್ನು ಕ್ರಮ ತಪ್ಪಿಸಿ ಓದಿ, ಅವರಿಂದ ಬರೆಸಿ. ಉತ್ಕರ್ಷಣ–ಅಪಕರ್ಷಣ, ಸಲ್ಫೈಡ್–ಸಲ್ಫೇಟ್ ಇಂಥ ಜೋಡಿಗಳಿರಲಿ. “ಕೇಳಿಸ್ತಿದೆಯಾ?” ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಬರೆಸಿದರೆ ಮಾತ್ರ ನಿಜ ತಿಳಿಯುತ್ತದೆ.

3. ತಪ್ಪು ಬಂದರೆ ಮೈಕ್ ಸರಿಸಿ, ಗದ್ದಲ ತಗ್ಗಿಸುವ ಸೆಟ್ಟಿಂಗ್ ಒಂದು ಹಂತ ಇಳಿಸಿ, ಮತ್ತೆ ಓದಿ.

ಈ ಎರಡನೆಯ ಪರೀಕ್ಷೆಯನ್ನು ಒಂಬತ್ತನೆಯ ತರಗತಿಯ ‘ಶಬ್ದ’ ಘಟಕದಲ್ಲಿ ಚಟುವಟಿಕೆಯಾಗಿಯೂ ಮಾಡಿಸಬಹುದು. ಒಂದು ಗುಂಪು ಲ್ಯಾಪ್‌ಟಾಪಿನ ಮೈಕಿನಲ್ಲಿ, ಇನ್ನೊಂದು ಹೆಡ್‌ಸೆಟ್ಟಿನಲ್ಲಿ ಅದೇ ಪದಗಳನ್ನು ಓದಲಿ. ಪಕ್ಕದ ಕೋಣೆಯ ಮಕ್ಕಳು ಬರೆದುಕೊಳ್ಳಲಿ. ತಪ್ಪುಗಳನ್ನು ಎಣಿಸಿ ಕೋಷ್ಟಕ ಮಾಡಿದರೆ, ದೂರಕ್ಕೂ ಶಬ್ದದ ಮಟ್ಟಕ್ಕೂ ಇರುವ ಸಂಬಂಧ ಮಕ್ಕಳಿಗೆ ಕೈಗೆ ಸಿಗುತ್ತದೆ.

ಆ ತರಗತಿಗೆ ಉತ್ಕರ್ಷಣ–ಅಪಕರ್ಷಣವನ್ನು ಪರಿಹಾರ ಬೋಧನೆಯಾಗಿ ಮತ್ತೊಮ್ಮೆ ಮಾಡಿದೆ, ಕಪ್ಪುಹಲಗೆಯ ಮೇಲೆ ಎರಡೂ ಪದಗಳನ್ನು ದೊಡ್ಡದಾಗಿ ಬರೆದು. ಒಂದು ಅವಧಿ ಹೆಚ್ಚು ಹಿಡಿಯಿತು. ಅನಂತರ ಮತ್ತೆರಡು ಸಂಜೆ ಮಳೆ ರಜೆಯ ಪಾಠ ನಡೆಯಿತು, ಈ ಸಲ ಯುಎಸ್‌ಬಿ ಹೆಡ್‌ಸೆಟ್ಟಿನೊಂದಿಗೆ. ಪಾಠ ಶುರುಮಾಡುವ ಮೊದಲು ಐದು ಪದ ಓದಿ ಆ ಹುಡುಗಿಯಿಂದಲೇ ಬರೆಸಿ, ಓದಿ ಹೇಳಲು ಕೇಳುತ್ತಿದ್ದೆ. ಅವಳು ಐದನ್ನೂ ಸರಿಯಾಗಿ ಹೇಳಿದ ಮೇಲೆಯೇ ಪುಸ್ತಕ ತೆರೆಯುತ್ತಿದ್ದೆವು.