ನೆಲದ ಮೇಲಿನ ‘ಹಡಗು’: ಐಎನ್‌ಎಸ್ ಎಂದರೇನು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಗೆ ಕಡಲಿಲ್ಲ. ಶಿರಸಿ ದಾಟಿ ಘಟ್ಟ ಇಳಿದ ಮೇಲೆಯೇ ಕಾರವಾರದ ತೀರ. ಆದರೆ ಅಲ್ಲಿನ ನೌಕಾನೆಲೆಯ ಹೆಸರು ಈ ಸೀಮೆಗೆ ಹೊಸದಲ್ಲ: ಐಎನ್‌ಎಸ್ ಕದಂಬ. ಬನವಾಸಿಯಲ್ಲಿ ಮಯೂರಶರ್ಮನಿಂದ ಮೊದಲಾದ ಕದಂಬರ ಹೆಸರು ಹೊತ್ತ ಒಂದು ಶಾಖೆ, ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿ ಹಾನಗಲ್ಲಿನಿಂದ ಆಳಿತು. ಇನ್ನೊಂದು ಶಾಖೆ ಗೋವೆಯಲ್ಲಿ ನೆಲೆನಿಂತು ಹಡಗುಗಳ ಬಲದಿಂದ ಬೆಳೆಯಿತು.

ಕದಂಬರು ಗೊತ್ತು, ಅವರ ಹೆಸರಿನ ಮುಂದೆ ಬಂದು ಕೂತ ‘ಐಎನ್‌ಎಸ್’ ಏನು?

ಅದರ ವಿಸ್ತರಣೆ ‘ಇಂಡಿಯನ್ ನೇವಲ್ ಶಿಪ್’, ಅಂದರೆ ಭಾರತೀಯ ನೌಕಾಪಡೆಯ ಹಡಗು. ಆದರೆ ಕದಂಬ ತೇಲುವುದಿಲ್ಲ. ಅದು ಜೆಟ್ಟಿ, ದುರಸ್ತಿ ಸೌಕರ್ಯ, ವಸತಿಗೃಹಗಳಿರುವ ನೆಲೆ. ನೌಕಾಪಡೆಯಲ್ಲಿ ‘ಹಡಗು’ ಎಂಬುದು ವಸ್ತುವಿನ ಹೆಸರಷ್ಟೇ ಅಲ್ಲ, ಆಡಳಿತ ಘಟಕದ ಹೆಸರೂ ಹೌದು.

ಈ ರೂಢಿ ಬಂದ ಬಗೆ

ಇದು ಬ್ರಿಟಿಷ್ ನೌಕಾಪಡೆಯಿಂದ ಬಂದ ಬಳುವಳಿ. 1804ರಲ್ಲಿ ಅವರು ಕೆರಿಬಿಯನ್ ಕಡಲಿನ ಡೈಮಂಡ್ ರಾಕ್ ಎಂಬ ಬಂಡೆಯ ಮೇಲೆ ತೋಪುಗಳನ್ನು ಏರಿಸಿ, ಆ ಬಂಡೆಯನ್ನೇ ಯುದ್ಧನೌಕೆಯೆಂದು ದಾಖಲಿಸಿದ್ದರು. ಮುಂದೆ 19ನೇ ಶತಮಾನದಲ್ಲಿ ಅವರ ನೌಕಾ ಶಿಸ್ತಿನ ಕಾನೂನು, ಯಾವುದಾದರೊಂದು ಹಡಗಿನ ಪುಸ್ತಕದಲ್ಲಿ ಹೆಸರಿದ್ದವರಿಗೆ ಅನ್ವಯಿಸುತ್ತಿತ್ತು. ದಡದ ತರಬೇತಿ ಶಾಲೆಯಲ್ಲಿದ್ದವನೂ ಆ ಶಿಸ್ತಿಗೆ ಒಳಪಡಬೇಕಾದರೆ ಅವನ ಹೆಸರು ಒಂದು ಹಡಗಿನ ಲೆಕ್ಕದಲ್ಲಿರಬೇಕಿತ್ತು. ಕ್ರಮೇಣ ಶಾಲೆಗಳೂ ನೆಲೆಗಳೂ ಕಾಗದದ ಮೇಲೆ ಹಡಗುಗಳಾದವು. 1950ರ ಜನವರಿ 26ರಂದು ಭಾರತ ಗಣರಾಜ್ಯವಾದಾಗ ‘ಎಚ್‌ಎಂಐಎಸ್’ (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ಹೋಗಿ ‘ಐಎನ್‌ಎಸ್’ ಬಂತು. ರೂಢಿ ಮಾತ್ರ ಉಳಿಯಿತು.

ಹೀಗೆ ಲೋಣಾವಳದ ಗುಡ್ಡಗಳ ನಡುವಿನ ಎಂಜಿನಿಯರಿಂಗ್ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿ. ಅರಕ್ಕೋಣಂನ ವಿಮಾನನೆಲೆ ಐಎನ್‌ಎಸ್ ರಾಜಾಲಿ. ಕಾರವಾರದ ನೌಕಾ ಆಸ್ಪತ್ರೆಗೂ ಐಎನ್‌ಎಚ್‌ಎಸ್ ಪತಂಜಲಿ ಎಂಬ ಹೆಸರು (ನಡುವಿನ ‘ಎಚ್’ ಎಂದರೆ ಹಾಸ್ಪಿಟಲ್). ಇಂಥ ನೆಲೆಗಳಲ್ಲಿ ಅಡುಗೆಮನೆ ‘ಗ್ಯಾಲಿ’, ಅಧಿಕಾರಿಗಳ ಊಟದ ಮನೆ ‘ವಾರ್ಡ್‌ರೂಮ್’, ಸಿಬ್ಬಂದಿಯೆಲ್ಲ ಸೇರಿ ‘ಶಿಪ್ಸ್ ಕಂಪನಿ’.

ಬಳಕೆಯ ನಿಯಮ

ಈ ಪೂರ್ವಪದ ಹುಟ್ಟಿನಿಂದ ಬರುವುದಲ್ಲ, ‘ಕಮಿಷನ್’ ಆದ ದಿನ ಬರುತ್ತದೆ. ನಮ್ಮ ಪತ್ರಿಕೆಗಳು ಇದನ್ನು ‘ಸೇವೆಗೆ ಸೇರ್ಪಡೆ’ ಎನ್ನುತ್ತವೆ. ಅಲ್ಲಿಯವರೆಗೆ ಹಡಗುಕಟ್ಟೆಯಲ್ಲಿರುವ ನೌಕೆಯನ್ನು ‘ಯಾರ್ಡ್’ ಸಂಖ್ಯೆಯಿಂದ ಗುರುತಿಸುತ್ತಾರೆ. ಕಮಿಷನ್ ಆದ ಮೇಲೆ ಕಮಾಂಡಿಂಗ್ ಆಫೀಸರ್, ಧ್ವಜ, ಸಿಬ್ಬಂದಿ ಪಟ್ಟಿ ಎಲ್ಲವೂ ಆ ಹೆಸರಿಗೆ ಸೇರುತ್ತವೆ. ಡಿಕಮಿಷನ್ ಆದರೆ ಪೂರ್ವಪದವೂ ಹೋಗುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಹೀಗೆ ನಿವೃತ್ತವಾದ ಕ್ಷಿಪಣಿ ನೌಕೆ. ಅದನ್ನು ಐಎನ್‌ಎಸ್ ಎನ್ನುವುದು ಈಗ ಅಭ್ಯಾಸಬಲ. ಕರಾವಳಿ ಕಾವಲು ಪಡೆ ಬೇರೆ ಸಂಸ್ಥೆ, ಅದರ ನೌಕೆಗಳಿಗೆ ‘ಐಸಿಜಿಎಸ್’.

‘ಸೀಬರ್ಡ್’ ಮತ್ತು ‘ಕದಂಬ’ ಕೂಡ ಒಂದೇ ಅಲ್ಲ. ಸೀಬರ್ಡ್ ಎಂಬುದು ಕಾರವಾರದಲ್ಲಿ ನೌಕಾನೆಲೆ ಕಟ್ಟುವ ಯೋಜನೆಯ ಹೆಸರು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಕದಂಬ, 2005ರ ಮೇ 31ರಂದು ಸೇವೆಗೆ ಸೇರಿದ ನೆಲೆಯ ಹೆಸರು. ಭೂಮಿ ಕಳೆದುಕೊಂಡ ಅರ್ಗಾ, ತೋಡೂರು ಕಡೆಯ ಕುಟುಂಬಗಳನ್ನು ಜನ ‘ಸೀಬರ್ಡ್ ನಿರಾಶ್ರಿತರು’ ಎನ್ನುತ್ತಾರೆ, ಕದಂಬ ನಿರಾಶ್ರಿತರು ಎನ್ನುವುದಿಲ್ಲ. ನೆಲ ಹೋದದ್ದು ಯೋಜನೆಗೆ ಆದ್ದರಿಂದ ಆ ಮಾತೇ ಸರಿ.

ಹಾನಗಲ್ಲಿನವರಿಗೆ ಇಂಥ ಆಡಳಿತ ಪದ ವಿಚಿತ್ರವೆನಿಸಬೇಕಿಲ್ಲ. ಪಾನುಂಗಲ್ ಎಂದರೆ ಹಾನಗಲ್ಲೇ; ಶಾಸನಗಳ ‘ಪಾನುಂಗಲ್ 500’ ಎಂಬಲ್ಲಿ ಊರಿನ ಹೆಸರೇ ಸುತ್ತಲ ನಾಡಿನ ಹೆಸರೂ ಆಗಿತ್ತು.

ನೌಕಾಪಡೆಗೆ ನಾವಿಕನಾಗಿ ಸೇರುವ ಹುಡುಗನಿಗೆ ಮೊದಲು ಬರುವ ಆದೇಶ ಸಾಮಾನ್ಯವಾಗಿ ‘ಐಎನ್‌ಎಸ್ ಚಿಲ್ಕಾಕ್ಕೆ ವರದಿ ಮಾಡಿಕೊಳ್ಳಿ’ ಎಂದಿರುತ್ತದೆ. ಮಗ ಹಡಗು ಹತ್ತಿದ ಎಂದು ಮನೆಯವರು ಗಾಬರಿಯಾಗಬೇಕಿಲ್ಲ. ಚಿಲ್ಕಾ ಒಡಿಶಾದಲ್ಲಿರುವ ತರಬೇತಿ ಕೇಂದ್ರ; ಅಲ್ಲಿಗೆ ರೈಲಿನಲ್ಲೇ ಹೋಗಬಹುದು.