ಅಡಿಕೆ ಮರಕ್ಕೆ ಹೊಸ ಗುಣ ಸೇರಿಸುವುದು ಏಕೆ ಕಷ್ಟ?

ಕಾಯಿಕೊರಕವನ್ನು ಎದುರಿಸುವ ಗುಣವನ್ನು ಪ್ರಯೋಗಾಲಯದಲ್ಲಿ ಸೇರಿಸಿದ ಬಿ.ಟಿ. ಹತ್ತಿ ನಮ್ಮ ದೇಶದ ಹೊಲಗಳಿಗೆ ೨೦೦೨ರಲ್ಲೇ ಬಂದಿತು. ಹಾಗಿದ್ದ ಮೇಲೆ ಹಳದಿ ಎಲೆ ರೋಗ ತಗಲದ ಅಡಿಕೆಯನ್ನೂ, ಬೋರರ್ ಹುಳು ಮುಟ್ಟದ ಅರೇಬಿಕಾವನ್ನೂ ಹೀಗೆಯೇ ಮಾಡಿಕೊಡಬಾರದೇಕೆ ಎಂದು ಸದಸ್ಯ ಬಂಧುಗಳು ಕೇಳುವುದುಂಟು. ಶೃಂಗೇರಿ, ಕೊಪ್ಪದ ಕಡೆ ತಲೆಮಾರುಗಳ ತೋಟ ಹಳದಿಯಾಗಿ ಬರಿದಾದುದನ್ನು ಕಂಡವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಉತ್ತರದ ಅರ್ಧ ಭಾಗ ಒಂದು ಸೂಕ್ಷ್ಮಜೀವಿಯ ಸ್ವಭಾವದಲ್ಲಿದೆ. ಉಳಿದರ್ಧ ನಮ್ಮ ಮರದ ಸ್ವಭಾವದಲ್ಲಿದೆ.

ಗುಲಾಬಿ, ದ್ರಾಕ್ಷಿ, ಸೇಬು ಮುಂತಾದ ಗಿಡಗಳ ಬುಡದಲ್ಲಿ ಕೆಲವೊಮ್ಮೆ ಒರಟಾದ ಗಂಟು ಬೆಳೆಯುತ್ತದೆ. ಇಂಥ ಗಂಟಿಗೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಕಾರಣವೆಂದು ೧೯೦೭ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ ತೋರಿಸಿದರು. ಇಂದು ಅದಕ್ಕೆ ಆಗ್ರೋಬ್ಯಾಕ್ಟೀರಿಯಂ ಎಂದು ಹೆಸರು. ಇದು ಗಾಯದ ಬಳಿ ಗಿಡದ ಜೀವಕೋಶಕ್ಕೆ ಅಂಟಿಕೊಂಡು, ತನ್ನ ವಂಶವಾಹಿಯ ಒಂದು ತುಣುಕನ್ನು ಆ ಕೋಶದ ವಂಶವಾಹಿಯೊಳಕ್ಕೇ ಸೇರಿಸಿಬಿಡುತ್ತದೆ. ಆ ಮೇಲೆ ಕೋಶಗಳು ಅಂಕೆಯಿಲ್ಲದೆ ಬೆಳೆದು, ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರವನ್ನು ತಾವೇ ತಯಾರಿಸಿಕೊಡುತ್ತವೆ. ಇನ್ನೊಬ್ಬರ ಮನೆಗೆ ನುಗ್ಗಿ, ಅವರ ಒಲೆಯಲ್ಲಿ ಅವರಿಂದಲೇ ತನಗೆ ಅಡಿಗೆ ಮಾಡಿಸಿಕೊಳ್ಳುವ ಚಾತುರ್ಯ ಇದು! ಆ ತುಣುಕು ಗಿಡದ ಕೋಶದೊಳಗೆ ಇರುವುದನ್ನು ೧೯೭೭ರಲ್ಲಿ ಮೇರಿ ಡೆಲ್ ಚಿಲ್ಟನ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದರು. ಗಂಟು ಬರಿಸುವ ಭಾಗವನ್ನು ತೆಗೆದು ಅಲ್ಲಿ ನಮಗೆ ಬೇಕಾದ ಗುಣದ ವಂಶವಾಹಿಯನ್ನಿಟ್ಟರೆ, ಬ್ಯಾಕ್ಟೀರಿಯಾ ಅದನ್ನೂ ಸಾಗಿಸುತ್ತದೆ. ೧೯೮೩ರಲ್ಲಿ ಹೊಗೆಸೊಪ್ಪಿನ ಜಾತಿಯ ಗಿಡಗಳಲ್ಲಿ ಇದು ಸಾಧಿಸಿತು. (ನಾವು ತಿನ್ನುವ ಗೆಣಸಿನಲ್ಲಿಯೂ ಈ ಬ್ಯಾಕ್ಟೀರಿಯಾದ ತುಣುಕುಗಳು ಪುರಾತನ ಕಾಲದಿಂದ ಉಳಿದುಬಂದಿವೆಯೆಂದು ೨೦೧೫ರಲ್ಲಿ ಪ್ರಕಟವಾಯಿತು. ಅದನ್ನು ಯಾವ ವಿಜ್ಞಾನಿಯೂ ಸೇರಿಸಿದ್ದಲ್ಲ.)

ಆದರೆ ಈ ಜೀವಿ ಕಂಡ ಕಂಡ ಗಿಡಕ್ಕೆಲ್ಲ ನುಗ್ಗುವುದಿಲ್ಲ. ಗಿಡಕ್ಕೆ ಗಾಯವಾದಾಗ ಒಸರುವ ರಸದ ಸುಳಿವು ಸಿಕ್ಕಿದ ಮೇಲೆಯೇ ಅದರ ಕೆಲಸ ಆರಂಭ. ಹೊಗೆಸೊಪ್ಪಿನ ಗಾಯದಿಂದ ಬರುವ ಆ ಸುಳಿವಿನ ವಸ್ತು ಅಸಿಟೋಸಿರಿಂಗೋನ್ ಎಂದು ೧೯೮೫ರಲ್ಲಿ ಗುರುತಾಯಿತು. ದ್ವಿದಳ ಸಸ್ಯಗಳಲ್ಲಿ ಇಂಥ ಸುಳಿವು ಸಾಮಾನ್ಯವಾಗಿ ಧಾರಾಳ. ಭತ್ತ, ಜೋಳ, ಬಾಳೆ, ತೆಂಗು, ಅಡಿಕೆಗಳಂಥ ಏಕದಳ ಸಸ್ಯಗಳು ಸಹಜವಾಗಿ ಈ ಗಂಟುರೋಗಕ್ಕೆ ಸಿಕ್ಕುವುದು ಬಹಳ ವಿರಳ.

ಇದರ ಇನ್ನೊಂದು ಮುಖ ನಿಮ್ಮ ತೋಟದಲ್ಲೇ ಇದೆ. ಕಾಫಿ ಗಿಡವನ್ನು ಬುಡಕ್ಕೆ ಕಡಿದರೂ ಚಿಗುರುತ್ತದೆ. ಕಡಿದ ಅಂಚಿನಲ್ಲಿ ಹೊಸ ಅಂಗಾಂಶ ಉಬ್ಬಿ ಬಂದು ಗಾಯ ಮುಚ್ಚುತ್ತದೆ. ತೊಗಟೆಯ ಕೆಳಗೆ ಸದಾ ವಿಭಜಿಸುವ ತೆಳು ಪದರವೊಂದು ಇರುವುದೇ ಇದಕ್ಕೆ ಕಾರಣ. ಅಡಿಕೆ ಮರವನ್ನು ನೋಡಿ. ಹತ್ತು ವರ್ಷದ ಹಿಂದೆ ಕತ್ತಿ ತಾಗಿದ ಗುರುತು, ಪಡುವಣ ಬಿಸಿಲು ಹೊಡೆದು ಒಡೆದ ಸೀಳು, ಇವು ಹಾಗೆಯೇ ಇರುತ್ತವೆ, ಎಂದಿಗೂ ಮಾಯುವುದಿಲ್ಲ. ಅಡಿಕೆಯಲ್ಲಿ ಆ ಪದರವೇ ಇಲ್ಲ. ಗಾಯದ ಸುತ್ತಲಿನ ಕೋಶಗಳು ಮತ್ತೆ ಎಳೆಯವಾಗುವ ಬದಲು ಗಟ್ಟಿಯಾಗಿ ಸತ್ತುಹೋಗುತ್ತವೆ. ಮಾವಿಗೆ, ಕಾಫಿಗೆ ಕಸಿ ಕಟ್ಟಬಹುದು, ಅಡಿಕೆಗೆ ಕಟ್ಟಲಾಗದು ಎಂಬುದೂ ಇದರಿಂದಲೇ. (ಕೊಂಬೆ ಸವರುವ ಕಾಫಿ ಕಸಿಯಲ್ಲ, ಎರಡು ಗಿಡ ಕೂಡಿಸುವ ಕಸಿಯನ್ನು ಹೇಳುತ್ತಿದ್ದೇವೆ.) ಬ್ಯಾಕ್ಟೀರಿಯಾಕ್ಕೆ ಬೇಕಾದುದು ಗಾಯಕ್ಕೆ ಸ್ಪಂದಿಸಿ ಚುರುಕಾಗಿ ವಿಭಜಿಸುವ ಕೋಶ. ಅಡಿಕೆಯ ಗಾಯದಲ್ಲಿ ಅದಕ್ಕೆ ಸಿಕ್ಕುವುದು ಒಣಗಿದ ನಾರು.

ಹಾಗಾದರೆ ಏಕದಳಕ್ಕೆ ಈ ದಾರಿ ಮುಚ್ಚಿದೆಯೆ? ಬಹುಕಾಲ ಹಾಗೆಂದೇ ತಿಳಿದಿದ್ದರು. ೧೯೯೪ರಲ್ಲಿ ಜಪಾನಿನವರು ಭತ್ತದಲ್ಲಿ, ೧೯೯೬ರಲ್ಲಿ ಮುಸುಕಿನ ಜೋಳದಲ್ಲಿ ಇದನ್ನು ಸಾಧಿಸಿ ತೋರಿಸಿದರು. ಅವರು ಎಲೆ ಕಾಂಡಗಳನ್ನು ಬಿಟ್ಟು, ಬೀಜದೊಳಗಿನ ಮೊಳಕೆಯ ಭಾಗವನ್ನು ಆರಿಸಿಕೊಂಡರು. ಗಿಡ ಕೊಡದ ಸುಳಿವಿನ ವಸ್ತುವನ್ನು ತಾವೇ ಬೆರೆಸಿದರು. ಸ್ವಭಾವವನ್ನು ಬದಲಿಸಲಿಲ್ಲ, ಅದಕ್ಕೆ ಸರಿಯಾದ ಜಾಗವನ್ನು ಹುಡುಕಿದರು ಎನ್ನಬಹುದು.

ದ್ವಿದಳವಾದ ಮಾತ್ರಕ್ಕೆ ಎಲ್ಲವೂ ಸುಲಭವೆಂದಲ್ಲ. ಗಿಡಗಳಿಗೂ ಕಾವಲುಗಾರರಿದ್ದಾರೆ. ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡ ಈ ಬ್ಯಾಕ್ಟೀರಿಯಾದ ಒಂದು ಪ್ರೋಟೀನನ್ನು ಗುರುತಿಸಿ ಎಚ್ಚರಗೊಳ್ಳುತ್ತದೆ, ಆ ಗುರುತಿಸುವ ಶಕ್ತಿಯನ್ನು ತೆಗೆದರೆ ಬ್ಯಾಕ್ಟೀರಿಯಾ ಹೆಚ್ಚು ಸಲೀಸಾಗಿ ನುಗ್ಗುತ್ತದೆ ಎಂದು ೨೦೦೬ರಲ್ಲಿ ಕಂಡುಬಂತು. ಕಾಫಿಯ ಅಂಗಾಂಶವಂತೂ ಕತ್ತರಿಸಿದೊಡನೆ ಕಂದುಬಣ್ಣಕ್ಕೆ ತಿರುಗಿ ಸಾಯತೊಡಗುತ್ತದೆ.

ಇವೆಲ್ಲ ದಾಟಿದರೂ ಮುಖ್ಯವಾದ ಅಡ್ಡಿ ಮುಂದಿದೆ. ಗುಣ ಸೇರಿದ ಆ ಒಂದೇ ಕೋಶದಿಂದ ಇಡೀ ಗಿಡ ಹುಟ್ಟಬೇಕು. ಹತ್ತಿಯಲ್ಲಿ ಕೂಡ ಎಲ್ಲ ತಳಿಗಳೂ ಇದಕ್ಕೆ ಒಗ್ಗಲಿಲ್ಲ. ಅಮೆರಿಕದ ಕೋಕರ್ ೩೧೨ ಎಂಬ ತಳಿಯಲ್ಲಿ ಗುಣ ಸೇರಿಸಿ, ಅಲ್ಲಿಂದ ಸಂಕರದ ಮೂಲಕ ಬೇರೆ ತಳಿಗಳಿಗೆ ತಂದರು. ಹತ್ತಿಗೆ ಒಂದು ತಲೆಮಾರೆಂದರೆ ಒಂದು ಬೆಳೆ. ಅಡಿಕೆಗೆ? ನೆಟ್ಟ ಸಸಿ ಹಿಂಗಾರ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಆ ಮೇಲೆಯೇ ಮುಂದಿನ ಸಂಕರ.

ಕಾಫಿಯಲ್ಲಿ ಕೆಲಸ ನಡೆದಿದೆ. ೨೦೦೩ರಲ್ಲಿ ಜಪಾನಿನಲ್ಲಿ ಕೆಫೀನ್ ಕಡಿಮೆ ಇರುವ ರೊಬಸ್ಟಾ ಸಸಿಗಳನ್ನು ಬೆಳೆಸಿದರು. ಎಲೆಸುರಂಗ ಹುಳುವನ್ನು ಎದುರಿಸುವ ರೊಬಸ್ಟಾವನ್ನು ಫ್ರೆಂಚ್ ಗಯಾನಾದ ಬಯಲಿನಲ್ಲಿ ಕೆಲವು ವರ್ಷ ಪರೀಕ್ಷಿಸಿ, ೨೦೦೫ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದರಿಂದ ನಮ್ಮ ಬೋರರ್ ಹತೋಟಿಗೆ ಬರುವುದೆಂದು ಎಣಿಸಬೇಡಿ. ಅಲ್ಲಿಯದು ಪತಂಗದ ಮರಿಹುಳು, ನಮ್ಮದು ಕಾಂಡದೊಳಗೆ ಅಡಗಿ ಕೊರೆಯುವ ದುಂಬಿಯ ಮರಿಹುಳು. ಅದಕ್ಕೆ ತಾಗಿದ ವಿಷ ಇದಕ್ಕೆ ತಾಗಬೇಕೆಂದಿಲ್ಲ.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಅಂಗಾಂಶ ಕೃಷಿಯ ಸಸಿ ಬೇರೆ, ಗುಣ ಸೇರಿಸಿದ ಸಸಿ ಬೇರೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹಿಂಗಾರದ ಎಳೆಯ ತುಣುಕುಗಳಿಂದ ಅಡಿಕೆ ಸಸಿ ಬೆಳೆಸುವ ವಿಧಾನವನ್ನು ರೂಪಿಸಿದೆ. ಇದರಲ್ಲಿ ತಾಯಿಮರದ ಗುಣವೇ ಮರಿಗೆ ಬರುತ್ತದೆ, ಹೊಸದೇನೂ ಸೇರುವುದಿಲ್ಲ. ಆದುದರಿಂದ ಪ್ರಯೋಗಾಲಯದ ಸಸಿ, ಹಳದಿ ರೋಗ ಬಾರದು ಎಂದು ಯಾರಾದರೂ ಮುಂಗಡ ಕೇಳಿದರೆ, ತಾಯಿಮರ ಯಾವುದು, ಎಲ್ಲಿಯದು ಎಂದು ಮೊದಲು ಕೇಳಿ. ಉತ್ತರ ಬಾರದಿದ್ದರೆ ಹಣ ಕೊಡಬೇಡಿ.

ಈ ಅಂಗಾಂಶ ವಿಧಾನಕ್ಕೆ ಬೇಕಾದ ಒಳ್ಳೆಯ ತಾಯಿಮರ ಸಿಕ್ಕುವುದು ತೋಟದಲ್ಲಿಯೇ. ಸುತ್ತಲಿನ ಮರಗಳೆಲ್ಲ ಹಳದಿಯಾಗಿ ಸೊರಗಿದರೂ ವರ್ಷಗಳಿಂದ ಹಸಿರಾಗಿ ಕೊನೆ ಬಿಡುತ್ತಿರುವ ಮರ ನಿಮ್ಮಲ್ಲಿದ್ದರೆ ಅದನ್ನು ಕಡಿಯಬೇಡಿ. ಸುಣ್ಣದ ಗುರುತು ಹಾಕಿ, ಮರದ ಅಂದಾಜು ವಯಸ್ಸು ಮತ್ತು ಕಳೆದ ಕೆಲವು ವರ್ಷಗಳ ಕೊನೆಗಳ ಲೆಕ್ಕವನ್ನು ಬರೆದು ಸಂಘದ ಕಚೇರಿಗೆ ಮುಟ್ಟಿಸಿ. ಅದನ್ನು ಸಂಶೋಧನಾ ಸಂಸ್ಥೆಯ ವಿಟ್ಲದ ಪ್ರಾದೇಶಿಕ ಕೇಂದ್ರಕ್ಕೆ ನಾವು ಕಳುಹಿಸಿಕೊಡುತ್ತೇವೆ.