ಶೀತದ ಇರುಳಿನಲ್ಲಿ ಯಂತ್ರರಕ್ಷಣೆ

ಮಾರ್ಗಶಿರ ಪುಷ್ಯ ಮಾಸಗಳ ಬೆಳಗಿನ ಜಾವದಲ್ಲಿ ಅರಸೀಕೆರೆಯ ಸೀಮೆಯ ಯಾವ ಮನೆಯಲ್ಲಾದರೂ ಕೊಬ್ಬರಿ ಎಣ್ಣೆಯ ಶೀಸೆಯನ್ನು ಕೈಗೆತ್ತಿಕೊಂಡವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಹಿಂದಿನ ಸಂಜೆ ಸರಾಗವಾಗಿ ಹರಿಯುತ್ತಿದ್ದ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ನಟ್ಟನಡುವೆ ಒಂದು ಕುಳಿಯನ್ನು ಬಿಟ್ಟುಕೊಂಡು ಕುಳಿತಿರುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದೊಡನೆ ಘನೀಭವಿಸುವುದು ಕೊಬ್ಬರಿ ಎಣ್ಣೆಯ ಸ್ವಭಾವವಾದುದರಿಂದಲೂ, ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಎತ್ತರದಲ್ಲಿರುವ ಈ ಪ್ರದೇಶದ ಚಳಿಗಾಲದ ಇರುಳು ಅದಕ್ಕಿಂತ ಬಹಳ ತಣ್ಣಗಿರುವುದರಿಂದಲೂ, ಶೀಸೆಯನ್ನು ಎಳೆಬಿಸಿಲಿನಲ್ಲಿಡುವುದು ಇಲ್ಲಿಯ ಗೃಹಿಣಿಯರಿಗೆ ನಿತ್ಯದ ಕೆಲಸ. ಆದರೆ ಹೀಗೆ ಗಟ್ಟಿಯಾದ ಎಣ್ಣೆಯಿಂದ ಶೀಸೆ ಒಡೆದುಹೋಯಿತೆಂದು ಯಾರೂ ದೂರಿದ್ದಿಲ್ಲ. ಎಣ್ಣೆ ಹೆಪ್ಪುಗಟ್ಟುವಾಗ ಕುಗ್ಗುತ್ತದೆ. ನಡುವಣ ಆ ಕುಳಿಯೇ ಅದಕ್ಕೆ ಸಾಕ್ಷಿ.

ಬಹುತೇಕ ದ್ರವಪದಾರ್ಥಗಳ ಧರ್ಮ ಇದೇ ಆಗಿರುವಾಗ, ನೀರೊಂದು ವಿಲಕ್ಷಣವಾದ ಅಪವಾದವಾಗಿ ನಿಂತಿದೆ. ತಣ್ಣಗಾಗುತ್ತ 4 ಡಿಗ್ರಿಯವರೆಗೆ ಅದು ಎಲ್ಲದರಂತೆ ಕುಗ್ಗುತ್ತದೆ. ಅಲ್ಲಿಂದ ಕೆಳಗೆ ಹಿಗ್ಗತೊಡಗಿ, ಶೂನ್ಯ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವ ಹೊತ್ತಿಗೆ ತನ್ನ ಗಾತ್ರದ ಶೇಕಡ 9ರಷ್ಟು ಹೆಚ್ಚು ಸ್ಥಳವನ್ನು ಕೇಳುತ್ತದೆ. ಕೊಡದಿದ್ದರೆ ಬಲಾತ್ಕಾರವಾಗಿ ತೆಗೆದುಕೊಳ್ಳುತ್ತದೆ. ಹಿತ್ತಾಳೆಯ ಪಂಪಾಗಲಿ ಎರಕದ ಕಬ್ಬಿಣದ ಕವಚವಾಗಲಿ ಅದನ್ನು ತಡೆಯಲಾರದು. ಶೀತದೇಶಗಳಲ್ಲಿ ಶಿಲೆಯ ಬಿರುಕುಗಳಿಗೆ ಇಳಿದ ಮಳೆನೀರು ಪ್ರತಿ ಚಳಿಗಾಲವೂ ಹೆಪ್ಪುಗಟ್ಟಿ ಕಟ್ಟಡಗಳ ಕಲ್ಲನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುವುದು ಈ ಬಲದಿಂದಲೇ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯವೂ, ಅದೇ ಶತಮಾನದಲ್ಲಿ ಎದ್ದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ, 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರುವವರೆಗೆ ಒಂಬತ್ತು ಶತಮಾನಗಳ ಮಳೆಬಿಸಿಲುಗಳನ್ನೂ ಆಕ್ರಮಣಗಳನ್ನೂ ಸಹಿಸಿದವು. ಆದರೆ ಬಳಪದ ಕಲ್ಲಿನ ಆ ಸೂಕ್ಷ್ಮವಾದ ಕೆತ್ತನೆಗೆ ಹೆಪ್ಪುಗಟ್ಟುವ ನೀರಿನ ಪೆಟ್ಟು ಮಾತ್ರ ಬೀಳಲಿಲ್ಲ. ನಮ್ಮ ಹವೆ ಶಿಲ್ಪಿಗಳಿಗೆ ಮಾಡಿದ ಉಪಕಾರಗಳಲ್ಲಿ ಇದೂ ಒಂದೆಂದು ಎಣಿಸಬೇಕು.

ಈ ಉಪಕಾರವಿಲ್ಲದ ನಾಡುಗಳಲ್ಲಿ ಕಸುಬುದಾರರ ಪಾಡೇನು? ಕೆನಡಾದಲ್ಲಿಯೂ ಅಮೆರಿಕದ ಉತ್ತರ ಸಂಸ್ಥಾನಗಳಲ್ಲಿಯೂ ಮನೆಮನೆಗೆ ಹೋಗಿ ರತ್ನಗಂಬಳಿ ತೊಳೆಯುವವರು ನೀರಿನ ತೊಟ್ಟಿ, ಒತ್ತಡದ ಪಂಪು, ನೀರು ಕಾಯಿಸುವ ಸುರುಳಿ, ರಬ್ಬರಿನ ಕೊಳವೆ ಇವೆಲ್ಲವನ್ನೂ ಒಂದು ವ್ಯಾನಿನೊಳಗೆ ಜೋಡಿಸಿಕೊಂಡಿರುತ್ತಾರೆ. ಹಗಲೆಲ್ಲ ಬಿಸಿಯಾಗಿ ದುಡಿದ ಈ ಸಾಮಗ್ರಿ ರಾತ್ರಿ ಬಯಲಿನಲ್ಲಿ ನಿಂತಾಗ, ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿ ತೆಳುತಗಡಿನ ಗೋಡೆಗಳ ಮೂಲಕ ಅದರ ಶಾಖವನ್ನು ಹೀರತೊಡಗುತ್ತದೆ.

ಅಪಾಯ ದೊಡ್ಡ ತೊಟ್ಟಿಗೆಂದು ಯಾರಾದರೂ ಊಹಿಸಬಹುದು. ವಾಸ್ತವ ಇದಕ್ಕೆ ವಿರುದ್ಧವಾಗಿದೆ. 200 ಲೀಟರ್ ನೀರು 40 ಡಿಗ್ರಿಯಿಂದ ಶೂನ್ಯಕ್ಕೆ ಇಳಿಯಬೇಕಾದರೆ ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಕಳೆದುಕೊಳ್ಳಬೇಕು. ಅನಂತರ ಶೂನ್ಯದಲ್ಲಿಯೇ ನಿಂತು ಪೂರ್ತಿ ಗಡ್ಡೆಯಾಗಲು ಅದರ ಎರಡರಷ್ಟು, ಎಂದರೆ 18 ಯೂನಿಟ್ಟಿಗೂ ಮೀರಿದ ಗುಪ್ತೋಷ್ಣವನ್ನು ತ್ಯಜಿಸಬೇಕು. ಇಷ್ಟೆಲ್ಲ ಒಂದು ರಾತ್ರಿಯಲ್ಲಿ ನಡೆದುಹೋಗುವುದು ಸುಲಭವಲ್ಲ. ಆದರೆ ಪಂಪಿನ ತಲೆಯಲ್ಲಿ ನಿಂತ ಒಂದು ಲೋಟ ನೀರಿಗೆ, ಬೆರಳುಗಾತ್ರದ ಕೊಳವೆಯ ಬಾಗಿನಲ್ಲಿ ಉಳಿದ ಒಂದು ಬೊಗಸೆ ನೀರಿಗೆ, ಇಂಥ ಶಾಖದ ಸಂಗ್ರಹವಿಲ್ಲ. ಅಲ್ಪವಾದದ್ದು ಮೊದಲು ಹೆಪ್ಪುಗಟ್ಟುತ್ತದೆ, ಮೊದಲು ಒಡೆಯುತ್ತದೆ. ಒಡೆದದ್ದು ಕೂಡ ಆಗಲೇ ಕಾಣದೆ, ಮರುದಿನ ಗಡ್ಡೆ ಕರಗಿ ನೀರು ಸುರಿಯತೊಡಗಿದ ಮೇಲೆಯೇ ಯಜಮಾನನಿಗೆ ತಿಳಿಯುತ್ತದೆ.

ಆದಕಾರಣ ಅನುಭವಿಗಳ ಕ್ರಮದಲ್ಲಿ ಹೀಟರಿಗೆ ಮೊದಲ ಸ್ಥಾನವಿಲ್ಲ. ಗಾಡಿಯನ್ನು ಮುಚ್ಚಿದ ಶೆಡ್ಡಿನೊಳಗೆ ನಿಲ್ಲಿಸುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ನೀರನ್ನೆಲ್ಲ ಬಸಿದು, ಒತ್ತಿದ ಗಾಳಿಯಿಂದ ಕೊಳವೆಗಳನ್ನು ಊದಿ ಬರಿದುಮಾಡುವುದು. ಬಸಿಯಲಾಗದ ಕಡೆ ಗ್ಲೈಕಾಲ್ ಬೆರೆಸಿದ ದ್ರವವನ್ನು ತುಂಬುವುದು. ಎಥಿಲೀನ್ ಗ್ಲೈಕಾಲನ್ನು ನೀರಿನೊಡನೆ ಸಮಭಾಗವಾಗಿ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಅದು ಹೆಪ್ಪುಗಟ್ಟದು. ಆದರೆ ಅದು ವಿಷವಾದುದರಿಂದ, ಜನರ ಮನೆಯೊಳಗೆ ಹೋಗುವ ನೀರಿನ ದಾರಿಯಲ್ಲಿ ಸೌಮ್ಯವಾದ ಪ್ರೊಪಿಲೀನ್ ಗ್ಲೈಕಾಲನ್ನು ಬಳಸುವುದು ವಿವೇಕ.

ಇಷ್ಟಾದ ಮೇಲೆ ಹೀಟರಿನ ಸರದಿ. ಅದರ ಕರ್ತವ್ಯ ವ್ಯಾನನ್ನು ಮಲಗುವ ಕೋಣೆಯಂತೆ ಬೆಚ್ಚಗಿಡುವುದಲ್ಲ, ಶೂನ್ಯಕ್ಕಿಂತ ನಾಲ್ಕೈದು ಡಿಗ್ರಿ ಮೇಲೆ ಹಿಡಿದಿಡುವುದು. ಸಾವಿರ ವಾಟಿನ ವಿದ್ಯುತ್ ಹೀಟರು ಹತ್ತು ಗಂಟೆ ಎಡೆಬಿಡದೆ ಉರಿದರೆ 10 ಯೂನಿಟ್ ವ್ಯಯವಾಗುತ್ತದೆ. ಉಷ್ಣತೆಯನ್ನು ನೋಡಿಕೊಂಡು ತಾನೇ ಹೊತ್ತಿ ತಾನೇ ಆರುವ ಥರ್ಮೋಸ್ಟಾಟ್ ಇದ್ದು, ಒಳಗೋಡೆಗೆ ಶಾಖನಿರೋಧಕ ಹಾಸಿದ್ದರೆ, ವ್ಯಯ ಬಹಳ ತಗ್ಗುತ್ತದೆ. ತಣ್ಣನೆಯ ಗಾಳಿ ನೆಲದಲ್ಲಿ ಮಡುಗಟ್ಟುವುದರಿಂದ ಹೀಟರನ್ನು ಕೆಳಗೆ, ಪಂಪಿನ ಸಮೀಪದಲ್ಲಿ, ಬಟ್ಟೆ, ರಾಸಾಯನಿಕಗಳಿಂದ ದೂರವಾಗಿ, ಉರುಳದಂತೆ ಇಡಬೇಕು. ತೆಳುವಾದ ಎಕ್ಸ್‌ಟೆನ್ಷನ್ ವಯರಿನಿಂದ ವಿದ್ಯುತ್ತು ಕೊಟ್ಟರೆ ವಯರೇ ಕಾದು ಹೊತ್ತಿಕೊಳ್ಳಬಹುದು. ಗ್ಯಾಸು, ಸೀಮೆಎಣ್ಣೆ, ಇದ್ದಲುಗಳನ್ನು ಮುಚ್ಚಿದ ಗಾಡಿಯಲ್ಲಿ ಉರಿಸುವುದಂತೂ ಕೂಡದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ತುಂಬಿ, ಒಳಗೆ ನಿದ್ರಿಸಿದವನನ್ನು ನಿದ್ರೆಯಲ್ಲಿಯೇ ಕೊಲ್ಲಬಲ್ಲುದು.

ಗಾಡಿಯ ಇಂಜಿನ್ನನ್ನು ಚಳಿಯಿಂದ ಕಾಯಲು ಬೇರೆಯೇ ಒಂದು ಉಪಾಯವುಂಟು. ಅಮೆರಿಕದ ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸಿನ ಆಂಡ್ರ್ಯೂ ಫ್ರೀಮನ್ ಎಂಬವನು ಇಂಜಿನ್ನಿನ ಮೈಯೊಳಗೇ ಕೂರುವ ವಿದ್ಯುತ್ ಹೀಟರಿಗೆ 1949ರಲ್ಲಿ ಪೇಟೆಂಟು ಪಡೆದನು. ಎಡ್ಮಂಟನ್, ವಿನಿಪೆಗ್ ಮೊದಲಾದ ನಗರಗಳಿಗೆ ಹೋಗಿ ನೆಲೆಸಿದ ನಮ್ಮವರಿಗೆ, ಕಾರು ನಿಲ್ಲಿಸುವ ಜಾಗದಲ್ಲಿ ಇಂಥ ಹೀಟರುಗಳಿಗಾಗಿ ಸಾಲಾಗಿ ನಿಂತ ವಿದ್ಯುತ್ ಪ್ಲಗ್ಗುಗಳೂ, ಕಾರುಗಳ ಮೂತಿಯಿಂದ ಜೋತುಬಿದ್ದ ವಯರುಗಳೂ ಮೊದಲ ಚಳಿಗಾಲದ ವಿಸ್ಮಯಗಳಾಗಿರುತ್ತವೆ.

ಇಂಥ ಎಚ್ಚರಕ್ಕೆ ಭಾರತದಲ್ಲಿಯೂ ಕ್ಷೇತ್ರವಿಲ್ಲದಿಲ್ಲ. ಲಡಾಖಿನ ಚಳಿಯಲ್ಲಿ ನೀರಿನೊಡನೆ ಡೀಸೆಲ್ಲಿನೊಳಗಿನ ಮೇಣವೂ ಗಟ್ಟಿಯಾಗಿ ಫಿಲ್ಟರಿಗೆ ಕಟ್ಟಿಕೊಳ್ಳುವುದರಿಂದ, ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ವಿಶೇಷವಾದ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ಅಲ್ಲಿಗೆ ಒದಗಿಸತೊಡಗಿತು. ಬೇಲೂರಿನ ಕಾಫಿತೋಟಗಳ ಹಳೆಯ ಜೀಪಿಗೆ ಆ ಪರಿಯ ಕಷ್ಟವಿಲ್ಲ. ಆದರೂ ಗಾಳಿಯನ್ನು ಒತ್ತಿ ಕಾಯಿಸಿದ ಬಿಸಿಯಿಂದಲೇ ಹೊತ್ತಿಕೊಳ್ಳಬೇಕಾದ ಡೀಸೆಲ್ ಇಂಜಿನ್ನು ಚಳಿಯ ಮುಂಜಾನೆ ಮೊಂಡುಬೀಳುವುದರಿಂದ, ಕೀಲಿ ತಿರುಗಿಸುವ ಮುನ್ನ ‘ಹೀಟರ್ ಹಾಕು’ ಎಂಬ ಎಚ್ಚರಿಕೆಯ ಮಾತು ಅಲ್ಲಿಯೂ ಕೇಳಿಬರುವುದು.

ಕಳೆದುಹೋದ ಶಾಖವನ್ನು ಮರಳಿ ತುಂಬುವುದಕ್ಕಿಂತ ಇರುವುದನ್ನು ಕಾಯುವುದು ಲಾಭವೆಂಬುದನ್ನು ಹಬೆಯಿಂಜಿನ್ನಿನ ಕಾಲದ ರೈಲ್ವೆಯವರು ಬಲ್ಲವರಾಗಿದ್ದರು. ತಣ್ಣಗಾದ ಬಾಯ್ಲರಿನಲ್ಲಿ ಮತ್ತೆ ಹಬೆ ಏಳಬೇಕಾದರೆ ಹಲವು ಗಂಟೆಗಳು ಹಿಡಿಯುತ್ತಿದ್ದುದರಿಂದ, ಮರುದಿನದ ಓಟಕ್ಕೆ ಬೇಕಾದ ಇಂಜಿನ್ನಿನ ಬೆಂಕಿಯನ್ನು ರಾತ್ರಿ ಆರಗೊಡದೆ, ಕಲ್ಲಿದ್ದಲನ್ನು ಒತ್ತಿ ಮಂದವಾಗಿ ಉಳಿಸಿಕೊಳ್ಳುತ್ತಿದ್ದರು. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ದಾರಿಗಳು ಕೂಡುವ ಅರಸೀಕೆರೆಯಂಥ ಜಂಕ್ಷನ್ನಿನ ಹಿರಿಯರಿಗೆ ಇದು ಹೊಸ ಮಾತಲ್ಲ.

ಈ ಎಲ್ಲ ಉಪಾಯಗಳಲ್ಲಿ ನಮ್ಮ ಸೀಮೆಗೆ ನೇರವಾಗಿ ಸಲ್ಲುವುದು ಹೀಟರಲ್ಲ, ಬಸಿಯುವ ಅಭ್ಯಾಸ. ಕಾಫಿಗಿಡಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಿದ ಪಂಪಿನಲ್ಲಿ ಉಳಿದ ದ್ರವ ಹೆಪ್ಪುಗಟ್ಟದು, ನಿಜ. ಆದರೆ ಅದರ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣ ಗಟ್ಟಿಯಾಗಿ ನಾಸಲನ್ನು ಮುಚ್ಚುತ್ತದೆ. ಸಂಜೆ ಕೆಲಸ ಬಿಡುವ ಮುನ್ನ ಶುದ್ಧವಾದ ನೀರನ್ನು ಹಾಯಿಸಿ, ಕೊಳವೆಗಳನ್ನು ಬರಿದುಮಾಡಿ ಇಡುವ ಆ ಹತ್ತು ನಿಮಿಷಗಳ ಶ್ರಮ ಎಡ್ಮಂಟನ್ನಿನಲ್ಲಿ ಹಿಮದಿಂದ ಉಳಿಸುವ ಪಂಪನ್ನು ಬೇಲೂರಿನಲ್ಲಿ ತುಕ್ಕಿನಿಂದ ಉಳಿಸುತ್ತದೆ.